ಹಳದಿ ಗೆರೆಯ ಆಚೆ

"ಹೇಳಿ ಸರ್" ಎಂದ ಕೋ-ಪೈಲಟ್.

ಆ ಒಂದು 'ಸರ್'ಗೇ ಕ್ಯಾಪ್ಟನ್‌ಗೆ ಖಾತ್ರಿಯಾಗಿಹೋಯಿತು: ದೂರು ಬರೆದವನು ಇವನೇ.

ಕೋ-ಪೈಲಟ್ ಅವನ ಹೆಂಡತಿಯ ತಮ್ಮ. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಮಾತುಮಾತಿಗೂ 'ಭಾವ' ಎಂದಿದ್ದ. ಕಾಕ್‌ಪಿಟ್‌ನಲ್ಲಿ ಮೊದಲಿಂದಲೂ 'ಸರ್' ಎಂದೇ ಕರೆಯುತ್ತಿದ್ದ ಎಂಬುದು ಕ್ಯಾಪ್ಟನ್‌ಗೆ ಈಗ ನೆನಪಾಗಲಿಲ್ಲ. ಅಥವಾ ಬೇಕಾಗಿರಲಿಲ್ಲ.

ನಿನ್ನೆ ಚೀಫ್ ಪೈಲಟ್ ಕರೆಸಿದ್ದರು. ಹೆಸರಿಲ್ಲದ ದೂರು ಬಂದಿದೆಯಂತೆ. ವಿಮಾನ ನೆಲದ ಮೇಲೆ ಉರುಳುವಾಗ ಈ ಕ್ಯಾಪ್ಟನ್ ಹರಟೆ ಹೊಡೆಯುತ್ತಾರೆ ಎಂದು. "ನಿಮಗೇ ಗೊತ್ತಲ್ಲ, ಆಗ ಕೆಲಸದ್ದು ಬಿಟ್ಟು ಒಂದು ಮಾತೂ ಬೇಡ. ಇನ್ನೊಂದು ದೂರು ಬಂತೋ, ಎಡಗಡೆ ಸೀಟು ಹೋಗುತ್ತೆ."

ಎಡಗಡೆಯದು ಕ್ಯಾಪ್ಟನ್‌ನ ಸೀಟು. ಅದು ಹೋದರೆ ತಾನು ಯಾರಾಗಿ ಉಳಿಯುತ್ತೇನೆ ಎಂದು ಅವನು ಯೋಚಿಸಿರಲಿಲ್ಲ.

ಸಂಜೆ ಮನೆಗೆ ಹೋದರೆ ಅಡುಗೆಮನೆಯಲ್ಲಿ ಅಕ್ಕ ತಮ್ಮ ನಗುತ್ತಿದ್ದರು. ಅವನು ಕಾಲಿಟ್ಟೊಡನೆ ನಗು ನಿಂತಿತು. "ಏನಿಲ್ಲ ರೀ, ಯಾವುದೋ ಹಳೇ ಮಾತು" ಎಂದು ಹೆಂಡತಿ ನಲ್ಲಿ ತಿರುಗಿಸಿದಳು.

ವಿಮಾನ ಮೆಲ್ಲಗೆ ರನ್‌ವೇ ಕಡೆಗೆ ಉರುಳುತ್ತಿತ್ತು. ರನ್‌ವೇ ಮುಂದಿನ ಹಳದಿ ಗೆರೆಯ ಈಚೆಗೇ ನಿಲ್ಲಿ ಎಂದಿತು ಕಂಟ್ರೋಲ್ ಟವರ್. ಕೋ-ಪೈಲಟ್ ಅದನ್ನೇ ತಿರುಗಿ ಒಪ್ಪಿಸಿದ. ಕ್ಯಾಪ್ಟನ್ನೂ ಕೇಳಿಸಿಕೊಂಡ. ಗಾಳಿ ಬದಲಾಗಿತ್ತು; ಹೊಸ ಲೆಕ್ಕವನ್ನು ಕಂಪ್ಯೂಟರಿಗೆ ತುಂಬಲು ಕೋ-ಪೈಲಟ್ ತಲೆ ತಗ್ಗಿಸಿದ.

ತಪ್ಪು ಮಾಡಿದವರು ಹೀಗೇ ತಲೆ ತಗ್ಗಿಸುತ್ತಾರೆ.

"ಚೀಫ್ ಹತ್ರ ಹೋಗಿದ್ಯಾ?"

"ಆಮೇಲೆ ಮಾತಾಡೋಣ ಸರ್."

"ಹೌದು, ಇಲ್ಲ ಅನ್ನೋಕೆ ಎಷ್ಟು ಹೊತ್ತು ಬೇಕಪ್ಪ?"

"ವಿಮಾನ ಓಡ್ತಾ ಇದೆ ಸರ್."

"ಓಹೋ! ನಿಯಮ ನಂಗೇ ಹೇಳ್ಕೊಡ್ತೀಯಾ? ನಿಮ್ಮಕ್ಕಂಗೂ ಹೇಳಿದ್ಯಾ, ನಿನ್ ಗಂಡನ ಬಾಯಿಗೆ ಬೀಗ ಇಲ್ಲ ಅಂತ?"

ಕೋ-ಪೈಲಟ್ ಅಂಕಿ ಒತ್ತುತ್ತಲೇ ಇದ್ದ. ಕ್ಯಾಪ್ಟನ್ ಆ ಮುಖವನ್ನೇ ನೋಡಿದ. ಕಿವಿಯ ಬುಡ ಕೆಂಪಾಗಿತ್ತು. ನಾಚಿಕೆಯೋ, ಕೋಪವೋ, ಸಿಕ್ಕಿಬಿದ್ದ ಭಯವೋ? ಇನ್ನೊಂದು ಕ್ಷಣ ನೋಡಿದರೆ ಗೊತ್ತಾಗಿಬಿಡುತ್ತದೆ.

ಕೋ-ಪೈಲಟ್ ತಲೆಯೆತ್ತಿದ.

"ನಿಲ್ಸಿ! ಭಾವ, ನಿಲ್ಸಿ!"

ಇಬ್ಬರ ಕಾಲೂ ಬ್ರೇಕಿನ ಮೇಲೆ ಬಿತ್ತು. ವಿಮಾನ ಮುಗ್ಗರಿಸಿ ನಿಂತಿತು. ಇಳಿಯಲು ನೆಲದ ಹತ್ತಿರಕ್ಕೆ ಬಂದಿದ್ದ ಇನ್ನೊಂದು ವಿಮಾನ ಕಣ್ಣೆದುರೇ ಮೂಗೆತ್ತಿ, ಹೊಟ್ಟೆ ತೋರಿಸಿ, ಗಾಜು ನಡುಗಿಸುತ್ತ ಮೇಲಕ್ಕೆ ಹೋಯಿತು.

ಹಳದಿ ಗೆರೆ ಅವರ ಹಿಂದಿತ್ತು.

"ಇದ್ದಲ್ಲೇ ಇರಿ. ಎಂಜಿನ್ ಆರಿಸಿ" ಎಂದಿತು ಟವರ್. ವಿಮಾನ ತಾನಾಗಿ ಹಿಂದೆ ಸರಿಯಲಾರದು. ತಳ್ಳುವ ಟ್ರ್ಯಾಕ್ಟರ್ ಬರಬೇಕು.

ಕೋ-ಪೈಲಟ್ ಎಂಜಿನ್ ಆರಿಸಿದ. "ಆ ದೂರು ನಾನು ಬರೆದಿದ್ದಲ್ಲ."

"ಮತ್ಯಾರು?"

"ಗೊತ್ತಿಲ್ಲ. ಇವತ್ತಿಂದು ಮಾತ್ರ ನಾನೇ ಬರೀತೀನಿ."

"ನಾಳೆ ನಿಮ್ಮಕ್ಕನ ಮುಖ ಹೆಂಗೋ ನೋಡ್ತೀಯ?"

"ನೋಡೋಕೆ ಉಳ್ಕೊಂಡಿದೀನಲ್ಲ."

ನಿಜ ಹೇಳುತ್ತಿರಬಹುದು. ನಿಜದಂತೆ ಹೇಳುವುದನ್ನು ಅಕ್ಕನೇ ಕಲಿಸಿರಲೂಬಹುದು. ಇವನಲ್ಲದಿದ್ದರೆ, ಈ ಪಕ್ಕದ ಸೀಟಿನಲ್ಲಿ ಕೂತು ತನ್ನ ಜೋಕಿಗೆಲ್ಲ ನಕ್ಕವರಲ್ಲಿ ಬರೆದವರು ಯಾರು? ಕ್ಯಾಪ್ಟನ್ ಒಬ್ಬೊಬ್ಬರ ನಗುವನ್ನೂ ನೆನೆದು ಪರೀಕ್ಷಿಸತೊಡಗಿದ.

ಟ್ರ್ಯಾಕ್ಟರ್ ಬಂದು ಮೂಗಿನ ಚಕ್ರಕ್ಕೆ ಕಚ್ಚಿಕೊಂಡಿತು. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ಚಾಲಕ ಕೆಳಗಿನಿಂದ ತಲೆಯೆತ್ತಿ ನೋಡಿದ. ಗಾಜಿನ ಈಚೆಯಿಂದ ಕ್ಯಾಪ್ಟನ್ ಅವನಿಗೆ, ತಾನು ಪಕ್ಕಕ್ಕೆ ನೋಡಿದ್ದು ಒಂದೇ ಒಂದು ಕ್ಷಣ ಎಂದು, ಬಿಡಿಸಿ ಬಿಡಿಸಿ ಹೇಳಿದ. ಕುಶಲ ಕೇಳುತ್ತಿದ್ದಾರೆ ಅಂದುಕೊಂಡನೋ ಏನೋ, ಚಾಲಕ ನಕ್ಕು ಕೈಬೀಸಿದ.

ಬೆಲ್ಟು ಬಿಗಿದು, ಮುಂದಕ್ಕೆ ಮುಖಮಾಡಿ ಕೂತ ಅಷ್ಟೂ ಜನರನ್ನು ಹೊತ್ತ ವಿಮಾನ ಹಿಂದಕ್ಕೆ ಸರಿಯತೊಡಗಿತು.