ಆರನೇ ಜಾಡಿಯ ಅರವತ್ತೇಳು

ಮೊದಲು ಮೀಟರನ್ನು ನಂಬಿದೆ. ಆಮೇಲೆ ಹಾಲಿಸ್‌ನನ್ನು ನಂಬುವುದನ್ನು ಬಿಟ್ಟೆ. ಎರಡೂ ಒಂದೇ ಬೆಳಿಗ್ಗೆ ನಡೆದವು.

ನವೆಂಬರ್ ತಿಂಗಳು. ಉತ್ತರದ ಕೋಣೆಯ ಹಲಗೆಯ ಮೇಲೆ ಹದಿನಾಲ್ಕು ಗಾಜಿನ ಜಾಡಿಗಳಿದ್ದವು. ಎಲ್ಲದರಲ್ಲೂ ಈ ವರ್ಷದ ಗಾಂಜಾ ಹೂ. ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ ಒಣಗಿಸಿ, ಎಲೆ ಸವರಿ, ಜಾಡಿಗೆ ತುಂಬಿ ಐದು ವಾರವಾಗಿತ್ತು. ಹೂವಿನ ಒಡಲಿನ ತೇವ ನಿಧಾನವಾಗಿ ಹೊರಬಂದು ಹೂ ಹದಕ್ಕೆ ಬರುವ ಕಾಲ ಅದು. ಪ್ರತಿ ಜಾಡಿಯಲ್ಲೂ ಗಾಜಿಗೆ ಮುಖ ಮಾಡಿ ಒಂದು ಪುಟ್ಟ ತೇವದ ಮೀಟರ್ ಕೂತಿರುತ್ತದೆ. ಅದು ಶೇಕಡಾ ಐವತ್ತೆಂಟರಿಂದ ಅರವತ್ತೆರಡರೊಳಗೆ ಇದ್ದರೆ ಎಲ್ಲ ಸರಿ. ಅರವತ್ತೈದು ದಾಟಿದರೆ ಬೂಷ್ಟು. ತೀರಾ ಕೆಳಗಿಳಿದರೆ ಪರಿಮಳ ಹಾರಿಹೋಗಿ ಬರೀ ಹುಲ್ಲು ಉಳಿಯುತ್ತದೆ.

ಆ ಮಂಗಳವಾರ ಹದಿಮೂರು ಜಾಡಿಗಳು ಅರವತ್ತು, ಅರವತ್ತೊಂದು ತೋರಿಸುತ್ತಿದ್ದವು. ಆರನೆಯದು ಅರವತ್ತೇಳು. ಹಿಂದಿನ ದಿನ ಅದೂ ಅರವತ್ತೊಂದೇ ಇತ್ತು.

ಮುಚ್ಚಿಟ್ಟ ಜಾಡಿಯಲ್ಲಿ ತೇವ ತಾನಾಗಿ ಹುಟ್ಟುವುದಿಲ್ಲ. ಯಾರೋ ಒಳಗೆ ಹಾಕಬೇಕು.

ಈ ಮನೆಯೊಳಗೆ ಬರುವವನು ಹಾಲಿಸ್ ಒಬ್ಬನೇ. ಗಾರ್ಬರ್‌ವಿಲ್ ಪೇಟೆಯ ಹಿಂದಿನ ಈ ಬೆಟ್ಟದ ಏಣಿನಲ್ಲಿ ಪೊದೆ ಕಡಿದು ಮೊದಲ ಪಾತಿ ಮಾಡಿದವರು ಅಮ್ಮ ಮತ್ತು ಅವನು. ಅಮ್ಮ ತೀರಿಕೊಂಡ ಮೇಲೆ ಅವಳು ಉಳಿಸಿದ್ದ ಬೀಜವನ್ನು ನಾವಿಬ್ಬರೂ ಬೆಳೆಸುತ್ತಾ ಬಂದಿದ್ದೇವೆ. ಅವನು ಕೆಳಗಿನ ಟ್ರೈಲರ್‌ನಲ್ಲಿ, ಅಂದರೆ ಚಕ್ರದ ಮೇಲಿನ ಮನೆಯಲ್ಲಿ, ಇರುತ್ತಾನೆ. ಇಪ್ಪತ್ತು ವರ್ಷಗಳಿಂದ ಬೆಳಿಗ್ಗೆ ಬಾಗಿಲು ತಟ್ಟದೆ ಒಳಗೆ ಬಂದು, ತಾನೇ ಕಾಫಿ ಬಗ್ಗಿಸಿಕೊಂಡು, ಮಾತಿಲ್ಲದೆ ಕೂರುತ್ತಾನೆ. ಆ ಮೌನ ನನಗೆ ಹಿತವಾಗಿತ್ತು. ಅದರೊಳಗೆ ಏನಿರಬಹುದೆಂದು ಯೋಚಿಸಿದ್ದು ಆ ಮಂಗಳವಾರವೇ.

ಹಾಲಿಸ್‌ಗೆ ಡರೆಲ್ ಎಂಬ ಅಣ್ಣನ ಮಗನಿದ್ದಾನೆ. ನದಿಯ ಪಕ್ಕ ನಮ್ಮ ಬೀಜವನ್ನೇ ಹಾಕಿದ್ದ. ಕೊಯ್ಲಿಗೆ ಮೂರು ದಿನವಿದ್ದಾಗ ಮಳೆ ಹಿಡಿದು ಅವನ ಹೂ ನೆನೆದುಹೋಯಿತು. ಭಾನುವಾರ ನಾನು ಪೇಟೆಯಿಂದ ಬರುವಾಗ ಅವನ ಟ್ರಕ್ಕು ನಮ್ಮ ದಾರಿಯಿಂದ ಇಳಿಯುತ್ತಿತ್ತು. ಅದರ ಬಗ್ಗೆ ಹಾಲಿಸ್ ಏನೂ ಹೇಳಲಿಲ್ಲ. ಡರೆಲ್‌ನ ಒದ್ದೆ ಹೂ ನಮ್ಮ ಜಾಡಿಗೆ, ನಮ್ಮ ಹದವಾದ ಹೂ ಅವನ ಚೀಲಕ್ಕೆ ಎಂದು ಲೆಕ್ಕ ಹಾಕಿದೆ. ಒಂದೇ ಬೀಜದ್ದು, ಎಲೆ ಸವರಿದ ಮೇಲೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮೀಟರಿಗೆ ಮಾತ್ರ.

ಹಾಲಿಸ್ ಬಂದ. ಕಾಫಿ ಬಗ್ಗಿಸಿಕೊಂಡ.

"ಜಾಡಿ ನೋಡ್ದೆ," ಎಂದೆ. "ಒಂದು ಯಾಕೋ ಏರಿದೆ."

"ಆರನೇದಾ?" ಎಂದ.

ಯಾವುದೆಂದು ನಾನು ಹೇಳಿರಲಿಲ್ಲ.

"ಹೌದು. ನಿನಗೆ ಹೇಗೆ ಗೊತ್ತು?"

"ನಂಗೂ ಕಣ್ಣಿದೆ ತಾಯಿ." ಲೋಟವನ್ನು ಸಿಂಕಿನಲ್ಲಿಟ್ಟು ಹೋದ.

ನಾನು ಒಂದು ತೀರ್ಮಾನಕ್ಕೆ ಬಂದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ಅವನು ಸಿಕ್ಕಿಬಿದ್ದರೆ ಆ ಟ್ರೈಲರನ್ನು ನನ್ನ ಜಮೀನಿನಿಂದ ಎಳೆದುಕೊಂಡು ಹೋಗೆಂದು ಹೇಳುವುದು. ಅಮ್ಮನ ಬೀಜಕ್ಕೆ ಮೋಸ ಮಾಡಿದವನ ಜೊತೆ ಇನ್ನೊಂದು ಬೆಳೆ ಬೇಡ.

ಅಂದು ಮಧ್ಯಾಹ್ನ ಆರನೇ ಜಾಡಿಯ ಮುಚ್ಚಳ ತೆಗೆದು ತೇವ ಇಳಿಯಲೆಂದು ಮೂರು ಗಂಟೆ ಬಿಟ್ಟೆ. ಆ ವಾರವಿಡೀ ಪೂರ್ವದ ಒಣಗಾಳಿ ಬೀಸುತ್ತಿತ್ತು. ಇಳಿಯಲೇಬೇಕಿತ್ತು. ಮುಚ್ಚಿ ರಾತ್ರಿ ಕಳೆದ ಮೇಲಷ್ಟೇ ಮೀಟರ್ ನಿಜ ಹೇಳುವುದರಿಂದ ಆಗ ಅದನ್ನು ನೋಡಲಿಲ್ಲ. ಮುಚ್ಚುವಾಗ ನನ್ನ ತಲೆಯಿಂದ ಒಂದು ಕೂದಲು ಕಿತ್ತು, ಎಂಜಲು ಹಚ್ಚಿ, ಮುಚ್ಚಳದ ಅಂಚಿನಿಂದ ಗಾಜಿನವರೆಗೆ ಅಂಟಿಸಿದೆ. ಗಾಂಜಾ ಬೆಳೆಯುವುದು ಅಪರಾಧವಾಗಿದ್ದು ಪೊಲೀಸರ ಹೆಲಿಕಾಪ್ಟರ್‌ಗಳು ಬೆಟ್ಟದ ಮೇಲೆ ಸುತ್ತುತ್ತಿದ್ದ ಕಾಲದಲ್ಲಿ ಅಮ್ಮ ಬಾಗಿಲುಗಳಿಗೆ ಹೀಗೆ ಮಾಡುತ್ತಿದ್ದಳು. ಕೂದಲು ಹರಿದಿದ್ದರೆ ಯಾರೋ ಬಂದುಹೋಗಿದ್ದಾರೆಂದು ಅರ್ಥ. ಆಗ ಅವಳು ಒಳಗೆ ಕಾಲಿಡುತ್ತಲೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ಕೂದಲಿರಲಿಲ್ಲ. ಮೀಟರ್ ಅರವತ್ತೇಳು.

ಮತ್ತೆ ಮಧ್ಯಾಹ್ನ ತೆರೆದಿಟ್ಟೆ, ಮತ್ತೆ ಕೂದಲು ಅಂಟಿಸಿದೆ. ಗುರುವಾರವೂ ಅದೇ ಕಥೆ. ನಾನು ಇಳಿಸಿದ ತೇವವನ್ನು ಅವನು ದಿನಾ ತುಂಬುತ್ತಿದ್ದಾನೆ, ಹಿಡಿ ಹಿಡಿಯಾಗಿ. ಬೆಳಗಿನ ಕಾಫಿಗೆ ಅವನು ಎದುರು ಕೂತಾಗ ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಉಗುರಿನ ಸಂದಿಯಲ್ಲಿ ಹೂವಿನ ಅಂಟು ಇದೆಯೇ? ಇತ್ತು. ನನ್ನ ಉಗುರಿನಲ್ಲೂ ಇತ್ತು. ಈ ಬೆಟ್ಟದಲ್ಲಿ ನವೆಂಬರ್‌ನಲ್ಲಿ ಯಾರ ಉಗುರಿನಲ್ಲಿ ಇರುವುದಿಲ್ಲ?

ಅವನೂ ನನ್ನನ್ನು ನೋಡುತ್ತಿದ್ದ. ಕಳ್ಳ ಹಾಗೆ ನೋಡುವುದು ಸಹಜ ಅಂದುಕೊಂಡೆ.

ಶುಕ್ರವಾರವೂ ಬೇರೆಯಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಟಾರ್ಚ್ ಹಿಡಿದು ಹೋದೆ. ಎಂದಿನಂತೆ ನನ್ನ ಕಂದು ಕೂದಲಿಲ್ಲ. ಬೆಳಕನ್ನು ಓರೆ ಮಾಡಿದಾಗ ಮುಚ್ಚಳದ ಹಿಂಬದಿಯಲ್ಲಿ ಏನೋ ಮಿನುಗಿತು. ಒಂದು ಬಿಳಿ ಕೂದಲು. ಎಂಜಲು ಹಚ್ಚಿ ನೀಟಾಗಿ ಅಂಟಿಸಿದ್ದು, ಹರಿಯದೆ ಹಾಗೇ ಇತ್ತು.

ಜಾಡಿಯನ್ನು ಎತ್ತಿಕೊಂಡು ಅಡಿಗೆಮನೆಗೆ ಬಂದೆ. ಹಾಲಿಸ್ ಆಗಲೇ ಕೂತಿದ್ದ.

"ಇದು ನಿಂದು," ಎಂದೆ, ಕೂದಲಿಗೆ ಬೆರಳು ತೋರಿಸಿ.

ಅವನು ಅಂಗಿಯ ಜೇಬಿನಿಂದ ಮಡಿಸಿದ ಸಿಗರೇಟು ಕಾಗದ ತೆಗೆದು ಬಿಚ್ಚಿದ. ಒಳಗೆ ಕಂದು ಕೂದಲುಗಳು.

"ನಿಂದು ನನ್ಹತ್ರ ನಾಲ್ಕಿದೆ. ಅಂಟಿಸೋದನ್ನ ನಿಮ್ಮಮ್ಮನಿಗೆ ಕಲಿಸಿದ್ದೇ ನಾನು ಕಣೇ. ನೀನು ಎಂಜಲು ಜಾಸ್ತಿ ಬಳೀತೀಯ, ದೂರಕ್ಕೇ ಕಾಣ್ಸುತ್ತೆ."

"ಡರೆಲ್ ಟ್ರಕ್ಕು ಯಾಕ್ ಬಂದಿತ್ತು?"

"ಗರಗಸ ತಗೊಂಡು ಹೋಗೋಕೆ. ನಡೀನ್ ಕಾರು ಯಾಕ್ ಬಂದಿತ್ತು? ನಾನಿಲ್ಲದಾಗ?"

ನಡೀನ್ ಎಂದರೆ ನಮ್ಮ ಹೂ ಕೊಳ್ಳುವ ಆರ್ಕೇಟಾದ ಅಂಗಡಿಯವಳು. "ಸೇಬು ಕೊಟ್ಟುಹೋಗೋಕೆ ಬಂದಿದ್ಲು."

"ನಂಗೊಂದೂ ಸಿಗಲಿಲ್ಲ."

"ಹಾಲಿಸ್, ತಮಾಷೆ ಬೇಡ. ಜಾಡಿ ತೆಗೆದು ಏನ್ ಮಾಡ್ತಿದ್ದೆ?"

"ಏನ್ ಮಾಡ್ಲಿ? ನೀನು ಒಳ್ಳೆ ಹೂವನ್ನ ಅವಳಿಗೆ ಬೇರೆಯಾಗಿ ಕೊಟ್ಟು, ಕೆಳಗೆ ಬಿದ್ದ ಒದ್ದೆದನ್ನ ತುಂಬ್ತಿದೀಯ ಅಂದ್ಕೊಂಡೆ. ಆದ್ರೂ ಬೂಷ್ಟು ಬರೋದು ಬೇಡ ಅಂತ ಸಂಜೆ ಮುಚ್ಚಳ ತೆಗೆದಿಡ್ತಿದ್ದೆ. ನೀನು ಕೋಳಿ ಕೂಡಿಹಾಕೋಕೆ ಹೋದಾಗಿಂದ, ನೀರು ಕಟ್ಟಿ ವಾಪಸ್ ಬರೋವರೆಗೂ."

"ಸಂಜೆನಾ?"

"ದಿನಾ."

"ನಾನು ಮಧ್ಯಾಹ್ನ," ಎಂದೆ. "ದಿನಾ. ಮೂರು ಮೂರು ಗಂಟೆ."

ಒಲೆಯಲ್ಲಿ ಕಟ್ಟಿಗೆ ಕುಸಿಯಿತು. ನಾವಿಬ್ಬರೂ ಜಾಡಿಯತ್ತ ತಿರುಗಿದೆವು. ದಿನಕ್ಕೆರಡು ಸಲ, ಒಣಗಾಳಿಯಲ್ಲಿ, ನಾಲ್ಕು ದಿನ ಬಾಯಿ ತೆರೆದು ಕೂತ ಜಾಡಿ. ಮೀಟರ್ ಅರವತ್ತೇಳು.

ಹಾಲಿಸ್ ಎದ್ದು ಸೀಸೆಯ ಬಿರಡೆಯೊಂದರಲ್ಲಿ ಉಪ್ಪು ತುಂಬಿ ನಾಲ್ಕು ಹನಿ ನೀರು ಬಿಟ್ಟ. ಆ ಮೀಟರನ್ನು ಹೊರತೆಗೆದು, ಉಪ್ಪಿನ ಜೊತೆ ಖಾಲಿ ಜಾಡಿಯೊಂದರಲ್ಲಿ ಮುಚ್ಚಿದ. ಒದ್ದೆ ಉಪ್ಪಿನ ಪಕ್ಕ ಯಾವ ಮೀಟರಾದರೂ ಎಪ್ಪತ್ತೈದಕ್ಕೆ ಬಂದು ನಿಲ್ಲಬೇಕು. ಹೊಸದು ತಂದಾಗಲೆಲ್ಲ ಅಮ್ಮ ಹೀಗೇ ಪರೀಕ್ಷಿಸುತ್ತಿದ್ದಳು. ಈ ವರ್ಷ ನಾವು ಮಾಡಿರಲಿಲ್ಲ. ಅವನು ಮಾಡಿರುತ್ತಾನೆಂದು ನಾನು, ನಾನು ಮಾಡಿರುತ್ತೇನೆಂದು ಅವನು.

ಮಧ್ಯಾಹ್ನದವರೆಗೆ ಮೇಜಿನ ಆಚೆಈಚೆ ಕೂತಿದ್ದೆವು. ಹುರುಳಿಕಾಯಿ ಸೂಪು ತಣ್ಣಗಾಯಿತು. ಮೀಟರ್ ಅರವತ್ತೇಳರಲ್ಲೇ ಇತ್ತು. ತೆಗೆದು ಉರಿಯುವ ಒಲೆಯ ಪಕ್ಕ ಇಟ್ಟೆ. ಅಲ್ಲೂ ಅರವತ್ತೇಳು.

"ಸತ್ತಿದೆ," ಎಂದ ಹಾಲಿಸ್. "ಸೋಮವಾರವೇ ಸತ್ತಿರಬೇಕು."

ಆರನೇ ಜಾಡಿಯನ್ನು ತಟ್ಟೆಗೆ ಸುರಿದೆ. ಹೂಗಳು ಒಣ ಎಲೆಗಳ ಸದ್ದಿನೊಂದಿಗೆ ಬಿದ್ದವು. ಅವನು ಒಂದರ ದಂಟನ್ನು ನನ್ನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಪಟ್ಟನೆ ಮುರಿಯಿತು. ಹೂ ಅವನ ಬೆರಳುಗಳ ನಡುವೆ ಪುಡಿಯಾಗಿ ಉದುರಿತು. ಅಮ್ಮನ ಹೂವಿಗೆ ಕಿತ್ತಳೆ ಸಿಪ್ಪೆ ಮತ್ತು ಒದ್ದೆ ಪೈನ್ ಮರದ ವಾಸನೆ ಇರುತ್ತಿತ್ತು. ಬಗ್ಗಿ ಮೂಸಿದೆ. ಕೊಟ್ಟಿಗೆಯ ಮೂಲೆಯ ಹಳೇ ಹುಲ್ಲು.

"ನಾಲ್ಕು ದಿನ ಬಾಯಿ ತೆಗ್ದಿಟ್ವಿ," ಎಂದೆ. "ಒಂದ್ಸಲ ಮೂಸಿ ನೋಡಿದ್ರೆ ಗೊತ್ತಾಗ್ತಿತ್ತಲ್ಲ."

"ನಾನು ಜಾಡಿ ಎಲ್ಲಿ ನೋಡ್ತಿದ್ದೆ? ನೀನು ಬರ್ತೀಯೇನೋ ಅಂತ ಬಾಗಿಲು ನೋಡ್ತಿದ್ದೆ." ಅವನು ಪುಡಿಯನ್ನು ಅಂಗೈಯಿಂದ ಗುಡಿಸಿ ಗುಡ್ಡೆ ಮಾಡಿದ. ತಲೆ ಎತ್ತಲಿಲ್ಲ. "ಟ್ರೈಲರ್ ಎಳ್ಕೊಂಡು ಹೋಗು ಅಂತ ಹೇಳೋದ್ರಲ್ಲಿದ್ದೆ, ಅಲ್ವಾ?"

"ಇಲ್ಲ," ಎಂದೆ.

ತಡ ಮಾಡದೆ ಹೇಳಿದೆ. ಅದೇ ತಪ್ಪಾಯಿತು. ಅಂಥ ಪ್ರಶ್ನೆ ಕೇಳಿದಾಗ ಏನೂ ಯೋಚಿಸಿರದವಳು ಮೊದಲು ಬೆಚ್ಚಿಬೀಳುತ್ತಾಳೆ, ಯಾವ ಟ್ರೈಲರ್, ಯಾಕೆ, ಎಂದು ಕೇಳುತ್ತಾಳೆ. ನಾನು ಕೇಳಲಿಲ್ಲ. ಹಾಲಿಸ್ ಅದನ್ನು ಗಮನಿಸಿದ. ತಲೆಯಾಡಿಸಿ, ಕೂದಲುಗಳ ಕಾಗದವನ್ನು ಮಡಿಸಿ ಒಲೆಗೆ ಹಾಕಿ, ಹೊರಟುಹೋದ.

ಭಾನುವಾರ ಬೆಳಿಗ್ಗೆ ಹದಿಮೂರು ಜಾಡಿಗಳ ಮುಂದೆ ನಿಂತಿದ್ದೆ. ಎಲ್ಲವೂ ಅರವತ್ತು, ಅರವತ್ತೊಂದು. ಒಂದೊಂದರ ಮುಚ್ಚಳದ ಅಂಚಿನ ಸುತ್ತ ಬೆರಳು ಸವರಿ ನೋಡಿದೆ. ಏನೂ ಇರಲಿಲ್ಲ. ಏಳನೆಯದನ್ನು ಇನ್ನೊಮ್ಮೆ ಸವರುತ್ತಿದ್ದಾಗ ಯಾರೋ ಬಾಗಿಲು ತಟ್ಟಿದರು.

ಯಾರಪ್ಪಾ ಇಷ್ಟು ಹೊತ್ತಿಗೆ ಅಂದುಕೊಂಡೆ. ಕಿಟಕಿಯ ಬಟ್ಟೆ ಸರಿಸಿದೆ. ಮೆಟ್ಟಿಲ ಮೇಲೆ ಹಾಲಿಸ್ ಕಾಲು ಒರೆಸಿಕೊಳ್ಳುತ್ತಾ, ಒಳಗೆ ಬಾ ಅನ್ನುವುದಕ್ಕಾಗಿ ಕಾಯುತ್ತಾ ನಿಂತಿದ್ದ.