ಬೂದು ಬಡಾವಣೆ

ಪರದೆಯ ಮೇಲೆ ನಕಾಶೆ ತುಂಡುತುಂಡಾಗಿ ತೆರೆದುಕೊಳ್ಳುತ್ತಿದೆ, ಮೊದಲು ನದಿ, ಆಮೇಲೆ ರಸ್ತೆಗಳು, ಕೊನೆಗೆ ಬಣ್ಣ — ಹೃದಯಾಘಾತ, ಪಾರ್ಶ್ವವಾಯುವಿನಿಂದ ಹೆಚ್ಚು ಜನ ಸತ್ತಲ್ಲಿ ಕಡುಗೆಂಪು, ಕಡಿಮೆಯಿದ್ದಲ್ಲಿ ತೆಳು ಕಂದು, ಇಪ್ಪತ್ತು ಸಾವೂ ತುಂಬದಿದ್ದರೆ ಬರೀ ಬೂದು, ಒತ್ತಿದರೆ ಮಾಹಿತಿ ಸಾಲದು ಎನ್ನುತ್ತದೆ, ಆ ಎರಡು ಪದ ಅವಳೇ ಟೈಪು ಮಾಡಿದ್ದು, ಆರೋಗ್ಯ ಇಲಾಖೆಯಲ್ಲಿ ಅವಳನ್ನು ನಕಾಶೆ ಮೇಡಂ ಎನ್ನುವುದು ಸುಮ್ಮನೆ ಅಲ್ಲ, ಬಣ್ಣವಿದ್ದ ಬಡಾವಣೆಗೆ ಮಾತ್ರ ಆಂಬುಲೆನ್ಸ್ ನಿಲ್ದಾಣ ಎಂಬ ನಿಯಮ ಬರೆದುಕೊಟ್ಟವಳೂ ಅವಳೇ, ಎಷ್ಟು ಅಚ್ಚುಕಟ್ಟು ಎಂದು ಬೀಗಿದ್ದಳು — ಹೋದ ತಿಂಗಳು ಅಣ್ಣನ ಅಡುಗೆಮನೆ, ಅಣ್ಣ ಚಹಾ ಲೋಟ ಹಿಡಿದು ನಿಂತಿದ್ದಾನೆ, ನಮ್ಮ ಬೀದೀಲೇ ಮೂರು ಜನ ಹೋದ್ರು ಕಣೇ, ಒಂದು ಆಂಬುಲೆನ್ಸ್ ನಿಲ್ಲಿಸೋಕೆ ಹೇಳಬಾರದಾ, ಅವಳು ಮೊಬೈಲು ಚಾಚುತ್ತಾಳೆ, ನೋಡು, ನಿಮ್ಮದು ಬೂದು, ಹತ್ತೊಂಬತ್ತೇ ಆಗಿರೋದು, ಇನ್ನೊಂದು ಬೀಳಲಿ, ತಾನಾಗೇ ಬಣ್ಣ ಬರುತ್ತೆ, ಅಣ್ಣ ನಕ್ಕ, ಅತ್ತಿಗೆ ನಗಲಿಲ್ಲ, ಈ ಅತ್ತಿಗೆಗೆ ತಮಾಷೆ ಅಂದರೆ ಗೊತ್ತೇ ಇಲ್ಲ ಎಂದು ಅವಳು ದಾರಿಯುದ್ದಕ್ಕೂ ಗೊಣಗಿಕೊಂಡಳು.

ಕಳೆದ ಸೋಮವಾರ ಬೆಳಿಗ್ಗೆ ಅತ್ತಿಗೆಯ ವಿಡಿಯೋ ಕರೆ, ಇವರ ಬಾಯಿ ಒಂದು ಕಡೆ ವಾಲಿದೆ, ಕುಡಿದ ಚಹಾ ಹೊರಗೇ ಬರ್ತಿದೆ, ಪಕ್ಕದ ಮನೆಯವರು ಕಾರು ತೆಗೀತೀವಿ ಅಂತಿದ್ದಾರೆ — ಬೇಡ, ಅಲುಗಾಡಿಸಬೇಡಿ, ಆಂಬುಲೆನ್ಸ್ ಬರಲಿ ಎಂದವಳು ಅವಳು, ನಿಯಮ ಬಲ್ಲವಳು, ಸೇತುವೆಯಾಚೆಯ ಕೆಂಪು ಬಡಾವಣೆಯಿಂದ ಅದು ಬರಲು ಐವತ್ತು ನಿಮಿಷ, ಅಷ್ಟು ಹೊತ್ತೂ ಅತ್ತಿಗೆ ಫೋನು ಇಡಲಿಲ್ಲ, ನೋಡು, ಚೆನ್ನಾಗಿ ನೋಡು ಎನ್ನುತ್ತಿದ್ದಳು, ತುಟಿಯ ಎಡ ತುದಿಯಿಂದ ಚಹಾ ಗದ್ದಕ್ಕೆ, ಗದ್ದದಿಂದ ಬನಿಯನ್ನಿಗೆ, ಕಲೆ ಹರಡುತ್ತಲೇ ಇತ್ತು — ಮೇಡಂ, ಇಲಾಖೆಯ ಮುಖ್ಯಸ್ಥರು ಬೆನ್ನ ಹಿಂದೆ ನಿಂತಿದ್ದಾರೆ, ನಿಮ್ಮ ಅಣ್ಣನ ವಿಷಯ ಕೇಳಿ ತುಂಬಾ ಬೇಜಾರಾಯ್ತು, ಅಂದ ಹಾಗೆ ಆ ಬಡಾವಣೆ ಇಪ್ಪತ್ತು ಮುಟ್ತಲ್ಲ, ನಿಮ್ಮ ಅತ್ತಿಗೆಗೆ ಹೇಳಿ, ನಿಲ್ದಾಣ ಬರುತ್ತೆ, ಸಂತೋಷ ಪಡ್ತಾರೆ, ಅವಳು ಹೂಂ ಎನ್ನುತ್ತಾಳೆ, ಇಡೀ ನಕಾಶೆಯಲ್ಲಿ ಬೂದು ಉಳಿದದ್ದು ಅದೊಂದೇ, ಈಗ ಪೂರ್ತಿಯಾಗುತ್ತದೆ ಎಂದು ಮನಸ್ಸಿಗೆ ಒಂದು ಕ್ಷಣ, ಛೀ, ಒಂದು ಕ್ಷಣ ಹಿತವೂ ಆಗುತ್ತದೆ, ಗುಂಡಿ ಒತ್ತುತ್ತಾಳೆ, ಬೂದಿನ ಎಡ ತುದಿಯಿಂದ ತೆಳು ಕಂದು ಇಳಿಯುತ್ತದೆ, ಚಹಾದ ಬಣ್ಣ, ಆರಿಸಿದ್ದೂ ತಾನೇ, ತುಟಿಯಿಂದ ಗದ್ದಕ್ಕೆ, ಗದ್ದದಿಂದ ಬನಿಯನ್ನಿಗೆ, ಗದ್ದದಿಂದ ಬನಿಯನ್ನಿಗೆ