ಗಾಳಿಯಂತ್ರದಿಂದ ಬಿದ್ದವನು

ಅಮ್ಮನ ಹೆಣ ಪೇಟೆಯ ಶವಾಗಾರದಲ್ಲಿತ್ತು. ಗಂಡನ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕೆಂಬುದು ಅವಳ ಕೊನೆಯ ಮಾತು. ಆದರೆ ಅಪ್ಪನ ಗೋರಿ ಇದ್ದದ್ದು ಬಿಳಿಯರ ಜಮೀನಿನಲ್ಲಿ, ಅದರ ಈಗಿನ ಒಡತಿ ಅಲೆಟಾಳ ಬೇಲಿಯ ಒಳಗೆ. ಹಾಗಾಗಿ ಪುಲೆಂಗ್ ಮುದುಕಿಯಾದ ಮೇಲೆ ಮತ್ತೆ ದಕ್ಷಿಣ ಆಫ್ರಿಕದ ಫ್ರೀ ಸ್ಟೇಟಿನ ಆ ಜಮೀನಿನ ಮನೆಗೆ ಬಂದಿದ್ದಳು. ಕರಿಯರನ್ನು ದೂರವಿಡುವ ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು. ಅವಳ ಮೊಣಕಾಲುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದವಳನ್ನು ಅಲೆಟಾಳೇ ಕೈಹಿಡಿದು ಮುಂದಿನ ಜಗಲಿಗೆ ಕರೆತಂದಳು.

"ಎಷ್ಟು ಸೊರಗಿ ಹೋಗಿದೀಯೇ. ಕೂತ್ಕೋ. ಅಯ್ಯೋ, ನೆಲದ ಮೇಲಲ್ಲ ಕಣೇ, ಕುರ್ಚಿ ಮೇಲೆ."

ಅದು ಅಲೆಟಾಳ ತಂದೆ, ದೊಡ್ಡ ಯಜಮಾನನ ಕುರ್ಚಿ. ಅದರ ಹಿಂದಿನ ಗೋಡೆಯಲ್ಲಿ ಅವನ ಚರ್ಮದ ಚಾಟಿ ಇನ್ನೂ ಅಲಂಕಾರಕ್ಕೆಂಬಂತೆ ತೂಗುತ್ತಿತ್ತು. ಪುಲೆಂಗ್ ಕುರ್ಚಿಯ ಅಂಚಿನಲ್ಲಿ ಕೂತಳು.

"ಒಂದೇ ತಟ್ಟೇಲಿ ಜೋಳದ ಗಂಜಿ ತಿಂದವರು ನಾವು. ನೆನಪಿದ್ಯಾ? ಅಕ್ಕತಂಗೀರ ಥರ ಇದ್ವಿ."

"ಹೂಂ, ನೂಯಿ."

"ಅದೇನೇ ಅದು, ನೂಯಿ ಅಂತೆ. ಲೆಟ್ಟಿ ಅನ್ನು, ಆವಾಗ ಅಂತಿದ್ಯಲ್ಲ ಹಾಗೆ."

ಪುಲೆಂಗಳ ನಾಲಿಗೆ ಹೊರಳಲಿಲ್ಲ. ಯಜಮಾನನ ಮಗಳು ಹನ್ನೆರಡು ತುಂಬುವ ತನಕ ಆಟದ ಗೆಳತಿ ಲೆಟ್ಟಿ. ಅಂದಿನಿಂದ ನೂಯಿ, ಚಿಕ್ಕ ಯಜಮಾನಿ. ಜಮೀನಿನ ಕಟ್ಟಳೆಯೇ ಅದು. ಆ ಹುಟ್ಟುಹಬ್ಬಕ್ಕೆ ಮುಂಚಿನ ವಾರವೆಲ್ಲ ಅಮ್ಮ ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದಳು. ಆದರೂ ಹುಟ್ಟುಹಬ್ಬದ ದಿನ, ಅಷ್ಟು ಅತಿಥಿಗಳ ಎದುರು, ಖುಷಿಯಲ್ಲಿ ಪುಲೆಂಗಳ ಬಾಯಿಂದ "ಲೆಟ್ಟಿ" ಎಂದು ಜಾರಿಬಿಟ್ಟಿತು. ಅವಳನ್ನು ಯಾರೂ ಮುಟ್ಟಲಿಲ್ಲ. ಮಗಳಿಗೆ ನಡತೆ ಕಲಿಸಿಲ್ಲವೆಂದು ಯಜಮಾನ ಅಪ್ಪನನ್ನು ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಕರೆದೊಯ್ದ. ಅಪ್ಪ ಆ ಚಳಿಗಾಲ ದಾಟಲಿಲ್ಲ.

"ಅಮ್ಮನ್ನ ಅಪ್ಪನ ಪಕ್ಕ ಮಲಗಿಸ್ಬೇಕಿತ್ತು," ಪುಲೆಂಗ್ ಅಲೆಟಾ ಕೊಟ್ಟ ಚಹಾದ ಕಪ್ಪನ್ನೇ ನೋಡುತ್ತ ಹೇಳಿದಳು. "ನೀವು ಒಪ್ಪಿದ್ರೆ."

ಅಲೆಟಾ ಬೇಲಿಯ ಕಡೆ ತಿರುಗಿ ನೋಡಿದಳು. ಇವಳು ಆಗುವುದಿಲ್ಲ ಎಂದರೆ ಅಮ್ಮನನ್ನು ಎಲ್ಲಿಗೆ ಒಯ್ಯುವುದು?

"ನಿಮ್ಮಪ್ಪ ಪಾಪ, ಬಾವಿ ನೀರೆತ್ತೋ ಗಾಳಿಯಂತ್ರ ರಿಪೇರಿಗೆ ಅಂತ ಹತ್ತಿ ಬಿದ್ದ. ಪಪ್ಪಾ ಅವತ್ತು ಊಟಾನೇ ಮಾಡ್ಲಿಲ್ಲ, ಗೊತ್ತಾ?" ಅಲೆಟಾಳ ಕಣ್ಣು ತುಂಬಿತ್ತು.

ಸುಳ್ಳು ಹೇಳುವ ಮುಖ ಹೇಗಿರುತ್ತದೆಂದು ಪುಲೆಂಗ್ ಬಲ್ಲಳು. ಇದು ಅದಲ್ಲ. ಇವಳು ನಂಬಿದ್ದಳು. ಚಾಟಿಗಿಂತ ಹೆಚ್ಚಾಗಿ ಪುಲೆಂಗಳಿಗೆ ಭಯವಾದದ್ದು ಆ ನಂಬಿಕೆ ಕಂಡೇ.

"ಬಿದ್ದ, ಅಲ್ವೇನೇ?"

"ಹೌದು," ಎಂದಳು ಪುಲೆಂಗ್. "ಬಿದ್ದ."

ಅಲೆಟಾ ಕಣ್ಣೊರೆಸಿಕೊಂಡು ಅವಳ ಕೈ ಒತ್ತಿದಳು. "ಶನಿವಾರ ಮಾಡ್ಕೊಳ್ಳಿ. ಗೇಟು ತೆಗೆಸಿರ್ತೀನಿ. ನಾನೂ ಬಂದು ಗೋರಿ ಹತ್ರ ನಾಲ್ಕು ಮಾತಾಡ್ತೀನಿ. ನಮ್ಮ ಸ್ನೇಹದ್ದು, ನಿಮ್ಮಪ್ಪ ಬಿದ್ದಿದ್ದು, ಎಲ್ಲಾ. ನಿನ್ನ ಮೊಮ್ಮಕ್ಕಳಿಗೂ ಗೊತ್ತಾಗ್ಲಿ. ಬರ್ಲಾ?"

ಉಪ್ಪುನೀರಿನಲ್ಲಿ ಅಪ್ಪನ ಚಾಟಿಯೇಟಿನ ಬೆನ್ನು ತೊಳೆದಿದ್ದ ಅಮ್ಮ ಹೋಗಿಯಾಯಿತು. ಅದನ್ನು ಕಂಡವಳು ಇನ್ನು ಪುಲೆಂಗ್ ಒಬ್ಬಳೇ. ಅವಳೂ ಈಗಷ್ಟೇ ಹೌದು ಎಂದಿದ್ದಳು.

"ಬನ್ನಿ, ನೂಯಿ."